‘ಅರಿಮನೆ’ಯಲ್ಲಿರುವುದು ಯಾವ ಅರಿ?

ಓದುವ ಕೋಣೆಯ ಬಾಗಿಲಿಗೆ ‘ಅರಿಮನೆ’ ಎಂದು ಬರೆಸಬಹುದಾ, ನಾಳೆಯೊಳಗೆ ಹೇಳಿ ಎಂದು ಕೇಳಿದ್ದೀರಿ. ಪದದಲ್ಲಿ ತಪ್ಪಿಲ್ಲ. ‘ಅರಿ ಅಂದರೆ ಶತ್ರು, ಶತ್ರುವಿನ ಮನೆ ಎಂದಾಗುತ್ತದೆ, ಮೇಲಾಗಿ ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳನ್ನು ಬೆರೆಸಿದ ಸಮಾಸ)’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಶತ್ರು ಎಂಬ ಅರಿ ಸಂಸ್ಕೃತ, ಮನೆ ಕನ್ನಡ. ಆ ಅರ್ಥ ಬರಬೇಕಾದರೆ ಅವರೇ ಬೇಡ ಎನ್ನುವ ಅರಿಸಮಾಸ ಮಾಡಬೇಕು, ಅಲ್ವಾ? ತಿಳಿ ಎಂಬ ಅರಿ ಅಚ್ಚಗನ್ನಡ. ಬೀಸುಗಲ್ಲು, ಕಡೆಗೋಲು, ಸುಡುಗಾಡು ಆದದ್ದೂ ಹೀಗೇ, ಕ್ರಿಯಾಪದದ ಮುಂದೆ ನಾಮಪದ ಸೇರಿ.

ಗೊಂದಲಕ್ಕೆ ಕಾರಣ ನಾವು ಱ ಅಕ್ಷರ ಕಳೆದುಕೊಂಡದ್ದು. ಹಳಗನ್ನಡದಲ್ಲಿ ತಿಳಿ ಎಂಬುದಕ್ಕೆ ಅಱಿ, ಕತ್ತರಿಸು ಎಂಬುದಕ್ಕೆ ಅರಿ. ಕೊಯ್ದ ಪೈರಿನ ಹಿಡಿಗೆ ಅರಿ ಎನ್ನುವುದು ಈ ಎರಡನೆಯದರಿಂದ. ಱ ಹೋಗಿ ರ ಉಳಿದ ಮೇಲೆ ಎರಡೂ ಒಂದೇ ಆಗಿ ಕಂಡವು, ಸಂಸ್ಕೃತದ ಅರಿಯೂ ಬಂದು ಪಕ್ಕದಲ್ಲಿ ಕೂತಿತು. ಮಲಯಾಳದಲ್ಲಿ ಈಗಲೂ ಗಡಸು ಱ ಹಾಕಿದರೆ ತಿಳಿ, ಮೆದು ರ ಹಾಕಿದರೆ ಅಕ್ಕಿ, ಕಿವಿಗೇ ಗೊತ್ತಾಗುತ್ತದೆ. ತುಳುವಿನಲ್ಲೂ ಅರಿ ಅಂದರೆ ಅಕ್ಕಿ. ತಮಿಳಿನ ಅರಿಸಿ, ನಮ್ಮ ಅಕ್ಕಿ ಅದೇ ಬಳಗ. ನಮ್ಮ ಅರಿವಿಗೆ ನೆಂಟ ಬೇಕಾದರೆ ತೆಲುಗಿನ ಎರುಕ ಇದೆ.

ಜಪಾನಿ ಭಾಷೆಯ ಅರಿ ಅಂದರೆ ಇರುವೆ, ‘ಇರುವೆಗೆ ದಾರಿಯ ಅರಿವು ಜಾಸ್ತಿ, ಅದಕ್ಕೇ ಆ ಹೆಸರು’ ಎಂದು ಬರೆದವರಿಗೆ ಒಂದೇ ಮಾತು: ಬಿಡಿ. ತುರ್ಕಿಯಲ್ಲಿ ಹೆಚ್ಚುಕಡಿಮೆ ಇದೇ ಉಲಿಗೆ ಜೇನುನೊಣ ಎಂದರ್ಥ. ಎರಡಕ್ಷರದ ಪದ ಎಲ್ಲಾದರೂ ಸಿಕ್ಕೇ ಸಿಗುತ್ತದೆ, ಸುಮ್ನೆ ನೆಂಟಸ್ತನ ಕಟ್ಟಬಾರದು.

ಎರವಲು ಪದಗಳ ಮೇಲೆ ನನಗೆ ಹಗೆಯಿಲ್ಲ. ಲೈಬ್ರರಿ ಎನ್ನುತ್ತೇನೆ. ಮುರಾರಿ, ಅರಿಷಡ್ವರ್ಗ ಬಿಡಿ ಎಂದು ಯಾರಿಗೂ ಹೇಳಲಾರೆ. ಅರಿಸಮಾಸ ಬೇಡವೆಂದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದುಗಳಿಗೂ ಹಳೆಯ ಕವಿಗಳ ಬಳಕೆಗೂ ರಿಯಾಯಿತಿ ಕೊಟ್ಟಿದ್ದಾನೆ. ಆದರೆ ‘ಅರಿ’ ಕಂಡ ಕೂಡಲೇ ಕನ್ನಡಿಗನಿಗೆ ಮೊದಲು ಶತ್ರು ನೆನಪಾಗಿ ಅರಿವು ಆಮೇಲೆ ಬರುತ್ತದೆ ಎಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ಅರಿತೆ, ಅರಿಯದೆ, ಅರಿವಿಲ್ಲದೆ ಎಂದು ದಿನವೂ ಬರೆಯುವವರು ನಾವು.

ಅಷ್ಟಾದರೂ ನಿಮ್ಮ ಬೋರ್ಡಿಗೆ ಅರಿಮನೆ ಬೇಡ. ತೊಡಕು ಶತ್ರುವಿನದಲ್ಲ, ‘ರಿ’ಯ ಮೇಲಿನ ಗುಡಿಸಿನದು. ದೂರದಿಂದ ನೋಡಿದವರು ‘ಅರಮನೆ’ ಎಂದೇ ಓದುತ್ತಾರೆ, ಬರೆಯುವವರೂ ತಪ್ಪೆಂದು ತಿಳಿದು ತಿದ್ದಿಬಿಡಬಹುದು. ‘ಅರಿವಿನ ಮನೆ’ ಎಂದು ಬಿಡಿಸಿ ಬರೆಸಿ.