ಅಪ್‌ಡೇಟ್: ರಾಡ್ ಸರಿಯಾಗೇ ಇತ್ತು, ಕೈಕೊಟ್ಟಿದ್ದು ವೈರು

ನಮ್ಮ 1500 ವ್ಯಾಟ್ ವಾಟರ್ ಹೀಟರ್ ರಾಡ್ ನೀರು ಕಾಯಿಸೋಕೆ ಜಾಸ್ತಿ ಹೊತ್ತು ತಗೊಳ್ತಿದೆ, ಕಾಯಿಲ್ ಹೋಗಿದೆಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ರಾಡ್ ಓಡುವಾಗಲೇ ವೋಲ್ಟೇಜು, ಕರೆಂಟು ಎರಡನ್ನೂ ಅಳೆಯಿರಿ ಅಂದಿದ್ದಿರಿ. ಪರಿಚಯದ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಅಳೆಸಿದೆ.

ಕ್ಲ್ಯಾಂಪ್ ಮೀಟರನ್ನು (ವೈರಿನ ಸುತ್ತ ಹಿಡಿದು ಕರೆಂಟು ಅಳೆಯೋ ಮೀಟರು) ಎರಡೂ ವೈರು ಸೇರಿಸಿ ಹಾಕಿದರೆ ಸೊನ್ನೆ ತೋರಿಸುತ್ತೆ. ಹೋಗೋ ಕರೆಂಟು, ಬರೋ ಕರೆಂಟು ಒಂದನ್ನೊಂದು ಕಳೆದುಬಿಡುತ್ತವೆ. ಒಂದೇ ವೈರಿಗೆ ಹಾಕಿದಾಗ 5.9 ಆಂಪಿಯರ್ ಬಂತು. ರಾಡ್ ಹತ್ತಿರ 208 ವೋಲ್ಟ್.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಕಾಯಿಲಿನ ರೆಸಿಸ್ಟೆನ್ಸ್ ಸಿಗುತ್ತೆ: 208 ಭಾಗಿಸು 5.9, ಸುಮಾರು 35.3 ಓಮ್. 230 ವೋಲ್ಟಿಗೆ 1500 ವ್ಯಾಟ್ ರಾಡಿನ ಲೆಕ್ಕವೂ ಅದೇ: 230ರ ವರ್ಗವನ್ನು 1500ರಿಂದ ಭಾಗಿಸಿದರೆ 35.3. ಅಂದರೆ ಕಾಯಿಲ್ ಚೆನ್ನಾಗೇ ಇದೆ! ಆದರೆ ಸಿಗ್ತಿದ್ದ ಪವರ್ 208 × 5.9, ಬರೀ 1227 ವ್ಯಾಟ್.

ಗೋಡೆಯ ಸಾಕೆಟ್‌ನಲ್ಲಿ ಅದೇ ಹೊತ್ತಿಗೆ 220 ವೋಲ್ಟ್ ಇತ್ತು. ಹಾಗಾದರೆ 12 ವೋಲ್ಟ್ ಬಚ್ಚಲಿಗೆ ಎಳೆದಿದ್ದ ತೆಳು ಎಕ್ಸ್‌ಟೆನ್ಷನ್ ವೈರಲ್ಲೇ ಹೋಗ್ತಿತ್ತು. 12 × 5.9 ಅಂದರೆ ಸುಮಾರು 71 ವ್ಯಾಟ್ ಶಾಖ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿದೆವು. ನಡುವೆ ಟೇಪು ಸುತ್ತಿದ ಜಾಯಿಂಟ್ ಇತ್ತು. ಟೇಪು ಕರಗಿ ಅಂಟಂಟಾಗಿತ್ತು, ಒಳಗಿನ ತಾಮ್ರ ಕಪ್ಪಗಾಗಿತ್ತು. ಮಕ್ಕಳು ಓಡಾಡೋ ಜಾಗ ಅದು. ನೋಡಿ ನಿಜಕ್ಕೂ ಭಯವಾಯ್ತು.

ಈಗ ಜಾಯಿಂಟ್ ಇಲ್ಲದ 2.5 ಚದರ ಮಿ.ಮೀ. ವೈರು ಹಾಕಿಸಿದ್ದೀವಿ. ರಾಡ್ ಹತ್ತಿರ 219 ವೋಲ್ಟ್, 6.2 ಆಂಪಿಯರ್, ಅಂದರೆ 1358 ವ್ಯಾಟ್. ವೈರು ಮುಟ್ಟಿದರೆ ತಣ್ಣಗಿದೆ. ಅಳೆದು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.