ಎಚ್‌ಆರ್‌ವಿಗೆ ‘ಬಡಿತದ ಏರುಪೇರು’ ಎನ್ನಬಹುದೇ?

ಪ್ರಶ್ನೆ: ಸ್ಮಾರ್ಟ್‌ವಾಚ್ ತೋರಿಸುವ ಎಚ್‌ಆರ್‌ವಿಗೆ, ಅಂದರೆ ಹಾರ್ಟ್ ರೇಟ್ ವೇರಿಯಬಿಲಿಟಿಗೆ, ‘ಹೃದಯ ಬಡಿತದ ಏರುಪೇರು’ ಎಂದು ಬರೆದರೆ ಸರಿಯೇ? ‘ವ್ಯತ್ಯಯ’ ಆದೀತೇ? ಅಂಕಿ ಏರಿದರೆ ಒತ್ತಡ ಏರಿದೆ ಎಂದು ತಿಳಿಯಬೇಕೇ?

ಉತ್ತರ: ಎರಡೂ ಬೇಡ. ‘ಆರೋಗ್ಯದಲ್ಲಿ ಏರುಪೇರು’ ಎಂದರೆ ಕೆಟ್ಟಿದೆ ಎಂದೇ ಓದುಗರು ತಿಳಿಯುತ್ತಾರೆ. ‘ವಿದ್ಯುತ್ ವ್ಯತ್ಯಯ’ ಎಂದರೆ ಕರೆಂಟ್ ಇಲ್ಲ. ಎಚ್‌ಆರ್‌ವಿಯಲ್ಲಿ ಅಂಕಿ ಹೆಚ್ಚಿದ್ದರೆ ಸಾಮಾನ್ಯವಾಗಿ ಒಳ್ಳೆಯದು, ದೇಹವನ್ನು ವಿಶ್ರಾಂತಿಗೆ ತರುವ ವೇಗಸ್ ನರ ಚುರುಕಾಗಿದೆ ಎಂದರ್ಥ. ಒತ್ತಡ, ಜ್ವರ, ಮದ್ಯ, ನಿದ್ದೆಗೇಡು ಅದನ್ನು ತಗ್ಗಿಸುತ್ತವೆ.

ಅಳೆಯುವುದು ಬಡಿತದ ವೇಗವನ್ನಲ್ಲ, ಬಡಿತಗಳ ನಡುವಿನ ಅಂತರವನ್ನು. ಅಂತರಗಳು 950, 1010, 960, 1020 ಮಿಲಿಸೆಕೆಂಡ್ ಎನ್ನಿ. ವೇಗ ನಿಮಿಷಕ್ಕೆ ಸುಮಾರು 61. ಒಂದರಿಂದ ಮುಂದಿನದಕ್ಕೆ ವ್ಯತ್ಯಾಸ 60, 50, 60. ಇವುಗಳ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಿಡಿದರೆ ಸುಮಾರು 57. ಇದೇ ಆರ್‌ಎಂಎಸ್‌ಎಸ್‌ಡಿ ಎಂಬ ಎಚ್‌ಆರ್‌ವಿ ಅಂಕಿ. ಆಪಲ್ ವಾಚ್ ಕೊಡುವುದು ಎಸ್‌ಡಿಎನ್‌ಎನ್ ಎಂಬ ಬೇರೆ ಲೆಕ್ಕ. ಎರಡು ಸಾಧನಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಾರದು.

ಹಾಗಾಗಿ ಮೊದಲ ಸಲ ‘ಬಡಿತಗಳ ಅಂತರದ ಬದಲಾವಣೆ’ ಎಂದು ಬಿಡಿಸಿ ಬರೆದು, ಮುಂದೆ ಎಲ್ಲರ ಬಾಯಲ್ಲಿರುವ ‘ಎಚ್‌ಆರ್‌ವಿ’ಯನ್ನೇ ಬಳಸಿ.

ಅಳೆಯುವ ಬಗೆಯನ್ನೂ ಇಲ್ಲೇ ಹೇಳಬೇಕು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮೊದಲು, ದಿನವೂ ಒಂದೇ ಭಂಗಿಯಲ್ಲಿ ಒಂದು ನಿಮಿಷ ಸುಮ್ಮನಿದ್ದು ನಂತರ ಎರಡರಿಂದ ಐದು ನಿಮಿಷ ಅಳೆಯಿರಿ. ವಾಚ್ ಬದಲು ಎದೆಗೆ ಕಟ್ಟುವ ಪಟ್ಟಿಯಾದರೆ ಅದರ ಎಲೆಕ್ಟ್ರೋಡ್ ಒದ್ದೆ ಮಾಡಿಕೊಳ್ಳಿ. ಒಣಗಿದ್ದರೆ ಬಡಿತ ತಪ್ಪಿಹೋಗಿ ಅಂಕಿ ಸುಳ್ಳಾಗುತ್ತದೆ. ಅಳೆಯುವಾಗ ಉಸಿರನ್ನು ಬೇಕೆಂದೇ ನಿಧಾನಿಸಬೇಡಿ: ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ, ನಿಮಿಷಕ್ಕೆ ಆರು ಉಸಿರಿಗೆ ಇಳಿಸಿದರೆ ಅಂಕಿ ಅಷ್ಟರಿಂದಲೇ ಏರಿಬಿಡುತ್ತದೆ. ಆ ಅಭ್ಯಾಸ ಒಳ್ಳೆಯದೇ, ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ, ಹತ್ತು ನಿಮಿಷ. ಆದರೆ ಅದು ಸಂಜೆಗಿರಲಿ.

ಒಂದು ದಿನದ ಇಳಿತಕ್ಕೆ ಗಾಬರಿ ಬೇಡ. ಏಳು ದಿನಗಳ ಸರಾಸರಿ ನಿಮ್ಮ ಎಂದಿನ ಮಟ್ಟಕ್ಕಿಂತ ಕೆಳಗೇ ಉಳಿದರೆ ಕಠಿಣ ವ್ಯಾಯಾಮ ತಗ್ಗಿಸಿ, ನಿದ್ದೆ ಸರಿಪಡಿಸಿಕೊಳ್ಳಿ. ವಯಸ್ಸಾದಂತೆ ಅಂಕಿ ಇಳಿಯುವುದು ಸಹಜ, ಇನ್ನೊಬ್ಬರೊಂದಿಗೆ ಹೋಲಿಕೆ ಸಲ್ಲ.

ಅಂಕಿ ಇದ್ದಕ್ಕಿದ್ದಂತೆ ಜಿಗಿದರೆ ಮಾತ್ರ ಸಂತೋಷಪಡುವ ಮೊದಲು ಯೋಚಿಸಿ. ನಡುವೆ ಬೇಗ ಬಂದ ಒಂದೇ ಬಡಿತ, ಅದರ ಹಿಂದೆಯೇ ಬರುವ ದೀರ್ಘ ಅಂತರ, ಇಡೀ ಲೆಕ್ಕವನ್ನು ಉಬ್ಬಿಸಬಲ್ಲವು. ಏಟ್ರಿಯಲ್ ಫೈಬ್ರಿಲೇಶನ್‌ನಂಥ ಲಯ ತಪ್ಪಿದ ಬಡಿತದಲ್ಲೂ ಎಚ್‌ಆರ್‌ವಿ ಎತ್ತರಕ್ಕೇ ಕಾಣುತ್ತದೆ. ಜತೆಗೆ ಎದೆ ಹೊಡೆದುಕೊಳ್ಳುವುದು, ತಲೆಸುತ್ತು ಇದ್ದರೆ ವೈದ್ಯರಲ್ಲಿಗೆ ಹೋಗಿ ಇಸಿಜಿ ಮಾಡಿಸಬೇಕು.