ಬಾಗಿಲ ಮುಂದಿನ ಕಾಂಕ್ರೀಟ್ ಮೆಟ್ಟಿಲು ವಾಲಿದೆ: ತೇಪೆ ಸಾಕಾ, ಒಡೆದು ಕಟ್ಟಬೇಕಾ?

ಕೇಳಿದವರು

ಬಾಗಿಲ ಮುಂದೆ 4 ಅಡಿ ಅಗಲದ ಕಾಂಕ್ರೀಟ್ ಮೆಟ್ಟಿಲಿದೆ. ಎರಡು ಮೆಟ್ಟಿಲು, ಅದರ ಮೇಲೆ ಗೋಡೆಯಿಂದ ಮುಂದಕ್ಕೆ 3 ಅಡಿ ಚಾಚಿದ ಕಟ್ಟೆ, ಅಲ್ಲಿಂದ ಹೊಸ್ತಿಲಿಗೆ ಇನ್ನೊಂದು ಹೆಜ್ಜೆ. ನೆಲದಿಂದ ಹೊಸ್ತಿಲಿಗೆ ಒಟ್ಟು 24 ಇಂಚು. ಗೋಡೆಗೂ ಕಟ್ಟೆಗೂ ನಡುವೆ ಸಂದು ಬಿಟ್ಟಿದೆ, ಮೇಲೆ 15 ಮಿ.ಮೀ, ಕೆಳಗೆ ಇಳಿದಂತೆ ಕಡಿಮೆ. ಒಂದು ಬದಿ 20 ಮಿ.ಮೀ ಕುಸಿದಿದೆ. ಅಂಚುಗಳು ಉದುರಿವೆ, ರೇಲಿಂಗ್ ಕಂಬದ ಬುಡ ಸೀಳಿದೆ. ಸಂದಿಗೆ ಸಿಮೆಂಟ್ ತುಂಬಿ, ಮೇಲೆ ಟೈಲ್ಸ್ ಹಾಕಿಬಿಡಿ ಎಂಬ ಸಲಹೆ ಬಂದಿದೆ. ಮಾಡಬಹುದಾ?

ಸೈಟ್ ಇಂಜಿನಿಯರ್

ಅಂಚು ಉದುರುವುದು ಕಾಂಕ್ರೀಟಿನ ದೋಷ, ವಾಲುವುದು ಮಣ್ಣಿನ ದೋಷ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಸಂದು ಮೇಲೆ ಅಗಲವಿದ್ದರೆ ಕಟ್ಟೆಯ ಮುಂಭಾಗ ಕೆಳಗಿಳಿದಿದೆ ಎಂದರ್ಥ. ಗೋಡೆಯ ಕಡೆಗೇ ವಾಲಿದ್ದರೆ ಮನೆಯ ಪಾಯ ತೋಡಿ ಮತ್ತೆ ತುಂಬಿದ ಮಣ್ಣನ್ನು ಸರಿಯಾಗಿ ದಿಮ್ಮಸು ಮಾಡಿಲ್ಲ ಎನ್ನಬಹುದಿತ್ತು. ನಿಮ್ಮಲ್ಲಿ ಮುಂದೆ, ಅದೂ ಒಂದೇ ಬದಿ ಇಳಿದಿರುವುದರಿಂದ ನೀರಿನ ಮೇಲೆ ಅನುಮಾನ. ಆ ಬದಿಯಲ್ಲಿ ಮಳೆನೀರಿನ ಪೈಪು, ಸೋರುವ ನಲ್ಲಿ, ಒಡೆದ ಚರಂಡಿ ಏನಿದೆ ನೋಡಿ. ಅದನ್ನು ಸರಿಪಡಿಸದೆ ಮಾಡಿದ ಯಾವ ಕೆಲಸವೂ ನಿಲ್ಲುವುದಿಲ್ಲ.

ಸಂದಿನ ಎರಡೂ ಕಡೆ ಗುರುತು ಹಾಕಿ, ತಿಂಗಳಿಗೊಮ್ಮೆ ಅಳೆದು ಒಂದು ಮಳೆಗಾಲ ಕಾಯಿರಿ. ಹಿಗ್ಗದಿದ್ದರೆ ಫೋಮ್ ಹಗ್ಗ ತುರುಕಿ ಮೇಲೆ ಪಾಲಿಯುರೆಥೇನ್ ಸೀಲಂಟ್ ಹಾಕಿದರೆ ಸಾಕು. ಸಿಮೆಂಟ್ ಮಾತ್ರ ಬೇಡ. ಬಿಸಿಲಿಗೆ ಹಿಗ್ಗಿ ಕುಗ್ಗುವ ಜಾಗದಲ್ಲಿ ಗಟ್ಟಿ ಗಾರೆ ತುಂಬಿದರೆ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಸಂದು ಹಿಗ್ಗುತ್ತಲೇ ಇದ್ದರೆ ಒಡೆಯುವುದೇ ದಾರಿ.

ಟೈಲ್ಸ್ ವಿಷಯ: ಟೈಲೂ ಗಾರೆಯೂ ಸೇರಿ 25 ಮಿ.ಮೀ ಏರುತ್ತದೆ ಅಂದುಕೊಳ್ಳಿ. ನಡುವಿನ ಏರುಗಳು (ಒಂದು ಹೆಜ್ಜೆಯಿಂದ ಮುಂದಿನದಕ್ಕೆ ಇರುವ ಎತ್ತರ) ಹಾಗೇ 150 ಮಿ.ಮೀ ಉಳಿಯುತ್ತವೆ. ಆದರೆ ಕೆಳಗಿನ ಮೊದಲ ಏರು 175 ಆಗುತ್ತದೆ, ಹೊಸ್ತಿಲು ಏರುವುದಿಲ್ಲವಾದ್ದರಿಂದ ಕೊನೆಯದು 125ಕ್ಕೆ ಇಳಿಯುತ್ತದೆ. ಒಂದೇ ಮೆಟ್ಟಿಲಲ್ಲಿ 50 ಮಿ.ಮೀ ವ್ಯತ್ಯಾಸ! ಏರು ಏರಿಗೆ 5 ಮಿ.ಮೀಗಿಂತ ಹೆಚ್ಚು ಏರುಪೇರು ಇರಬಾರದು. ಕಾಲು ಮೊದಲ ಹೆಜ್ಜೆಯ ಲೆಕ್ಕ ಹಿಡಿದೇ ಮುಂದಿನದನ್ನು ಇಡುತ್ತದೆ, ಲೆಕ್ಕ ತಪ್ಪಿದಲ್ಲಿ ಎಡವುತ್ತದೆ.

ಗಾರೆ ಮೇಸ್ತ್ರಿ

ಕಟ್ಟೆ ಅಲ್ಲಾಡದೆ ನಿಂತಿದ್ದು ಅಂಚು ಮಾತ್ರ ಹೋಗಿರುವವರಿಗೆ ಹೇಳುತ್ತೇನೆ. ಮೊದಲು ಸುತ್ತಿಗೆಯಿಂದ ಇಡೀ ಮೆಟ್ಟಿಲನ್ನು ತಟ್ಟಿ. ಟೊಳ್ಳು ಶಬ್ದ ಬಂದಷ್ಟನ್ನೂ ತೆಗೆಯಬೇಕು, ಕಣ್ಣಿಗೆ ಕಾಣುವ ಹಳ್ಳ ಮಾತ್ರ ಅಲ್ಲ. ತೇಪೆಯ ಗಡಿಯನ್ನು ಕಟರ್‌ನಿಂದ 10 ಮಿ.ಮೀ ಆಳ ನೇರವಾಗಿ ಕೊಯ್ದು ಒಳಗೆ ಉಳಿಯಿಂದ ಕೆತ್ತಿ. ಅಂಚಿನಲ್ಲಿ ಕಾಗದದಷ್ಟು ತೆಳುವಾಗುವ ತೇಪೆ ಎದ್ದೇ ಏಳುತ್ತದೆ.

ಧೂಳು ತೊಳೆದು ಹಿಂದಿನ ದಿನವೇ ನೆನೆಸಿಡಿ. ಹಚ್ಚುವಾಗ ಒದ್ದೆ ಇರಲಿ, ನೀರು ನಿಂತಿರಬಾರದು. ಲ್ಯಾಟೆಕ್ಸ್ (ಹಿಡಿತ ಹೆಚ್ಚಿಸುವ ದ್ರವ) ಮತ್ತು ಸಿಮೆಂಟ್ ಕಲಸಿದ ಹಾಲನ್ನು ಬ್ರಷ್‌ನಲ್ಲಿ ತಿಕ್ಕಿ, ಅಂಟಂಟು ಇರುವಾಗಲೇ 1:3 ಗಾರೆಯನ್ನು (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು; ಅದಕ್ಕೂ ಲ್ಯಾಟೆಕ್ಸ್ ಬೆರೆಸಿ) ಒತ್ತಿ ತುಂಬಿ. ಆ ಹಾಲು ಒಣಗಿದರೆ ಹಿಡಿತ ಕೊಡುವುದಿರಲಿ, ನಡುವೆ ಪೊರೆಯಾಗಿ ಕೂತು ತೇಪೆಯನ್ನು ಬೇರ್ಪಡಿಸುತ್ತದೆ. ತೇಪೆ ಬಿದ್ದುಹೋಗುವ ಬಹುಪಾಲು ಕಡೆ ಕಾರಣ ಇದೇ. ದೊಡ್ಡ ತುಂಡು ಹೋಗಿದ್ದರೆ 6 ಮಿ.ಮೀ ಸರಳಿನ ತುಂಡುಗಳನ್ನು 75 ಮಿ.ಮೀ ಆಳ ಕೊರೆದು ಎಪಾಕ್ಸಿಯಲ್ಲಿ ಕೂರಿಸಿ.

ಒಳಗೆ ತುಕ್ಕು ಹಿಡಿದ ಸರಳು ಕಂಡರೆ ಅದರ ಹಿಂದೆಯೂ 20 ಮಿ.ಮೀ ಬಿಡಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದು ಆಮೇಲೆ ತುಂಬಬೇಕು.

ಕೇಳಿದವರು

ಕುಸಿದ ಬದಿಯಲ್ಲೇ ತಾರಸಿಯ ಮಳೆನೀರಿನ ಪೈಪು ಇದೆ, ನೀರು ನೇರ ಮಣ್ಣಿಗೆ ಬೀಳುತ್ತಿದೆ. ಹಳೆಯ ಗುರುತು ನೋಡಿದರೆ ಸಂದು ಹಿಗ್ಗುತ್ತಿರುವುದೂ ನಿಜ. ಹಾಗಾಗಿ ಒಡೆದು ಕಟ್ಟುವುದು. ಸಾಮಾನು ಎಷ್ಟು ಬೇಕು?

ಗುತ್ತಿಗೆದಾರ

ಪೈಪಿನ ನೀರನ್ನು ಮೊದಲು ದೂರ ಸಾಗಿಸಿ. ಕಟ್ಟೆಯನ್ನೂ ಮೆಟ್ಟಿಲನ್ನೂ ಪೂರ್ತಿ ಕಾಂಕ್ರೀಟಿನಲ್ಲಿ ತುಂಬಿದ್ದರೆ ಅದು 24 ಘನ ಅಡಿ, ತೂಕ 1,600 ಕೆಜಿ ದಾಟುತ್ತದೆ. ಅವಶೇಷ ಸಾಗಿಸಲು ಗಾಡಿ ಹೇಳುವಾಗ ಇದು ನೆನಪಿರಲಿ. ಗೋಡೆಗೆ ತಾಗಿದ ಜಾಗವನ್ನು ಕಟರ್‌ನಿಂದ ಬಿಡಿಸಿಕೊಂಡು ಆಮೇಲೆ ಬ್ರೇಕರ್ ಹಚ್ಚಿ. ಇಲ್ಲದಿದ್ದರೆ ಅದುರುವಿಕೆಗೆ ಗೋಡೆಯ ಗಾರೆ ಬಿರುಕು ಬಿಡುತ್ತದೆ. ಅಡಿಯಲ್ಲಿ ನೀರಿನ ಪೈಪು, ಕೇಬಲ್ ಹೋಗಿದೆಯೇ ಎಂದೂ ನೋಡಿಕೊಳ್ಳಿ.

ಗಟ್ಟಿ ಮಣ್ಣು ಸಿಗುವವರೆಗೆ ತೋಡಿ, ಮುಂಭಾಗದಲ್ಲಿ ಕನಿಷ್ಠ ಒಂದೂವರೆ ಅಡಿ. ನೆಲ ಹೆಪ್ಪುಗಟ್ಟುವ ಚಳಿಯ ಪ್ರದೇಶವಾದರೆ ಹೆಪ್ಪಿನ ಆಳಕ್ಕಿಂತ ಕೆಳಗೆ ಹೋಗಬೇಕು. ಎರೆಮಣ್ಣು ಇದ್ದರೆ ತೆಗೆದು ಗ್ರಾವೆಲ್ ಮಣ್ಣು ತುಂಬಿ. ತಳಕ್ಕೆ 3 ಇಂಚು ಬೆಡ್ ಕಾಂಕ್ರೀಟ್. ಮುಂದಿನ ಅಂಚಿನ ಕೆಳಗೆ 9 ಇಂಚು ಅಗಲದ ಪಾಯ.

ಹೊಟ್ಟೆಗೆ ದಪ್ಪ ಜಲ್ಲಿ ಅಥವಾ ಕಲ್ಲುಚೂರನ್ನು 6 ಇಂಚಿನ ಪದರದಲ್ಲಿ ದಿಮ್ಮಸು ಮಾಡಿ, ಸುತ್ತಲೂ ಮೇಲೂ 5 ಇಂಚು ಕಾಂಕ್ರೀಟ್ ಬರುವಂತೆ ಬಿಡಿ. ಆಗ 24ರ ಬದಲು 13–14 ಘನ ಅಡಿ ಸಾಕು. 1:1½:3ರ (ಸಿಮೆಂಟ್, ಮರಳು, ಜಲ್ಲಿ) ಲೆಕ್ಕದಲ್ಲಿ 50 ಕೆಜಿಯ ಮೂರೂಕಾಲು ಮೂಟೆ ಸಿಮೆಂಟ್ (4 ತರಿಸಿ), 6 ಘನ ಅಡಿ ಮರಳು, 20 ಮಿ.ಮೀ ಜಲ್ಲಿ 12 ಘನ ಅಡಿ. ಬೆಡ್ಡಿಗೂ ಪಾಯಕ್ಕೂ ಬೇರೆ. ನೀರು ಮೂಟೆಗೆ 25 ಲೀಟರ್ ಮೀರಬಾರದು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ.

8 ಮಿ.ಮೀ ಸರಳು ಎರಡೂ ದಿಕ್ಕಿಗೆ 6 ಇಂಚಿಗೊಂದು, ಪ್ರತಿ ಅಂಚಿನ ಉದ್ದಕ್ಕೂ ಒಂದು. ಹೊರಮೈಗೆ 40, ಮಣ್ಣಿನ ಕಡೆಗೆ 50 ಮಿ.ಮೀ ಕವರ್ ಬ್ಲಾಕ್ (ಸರಳು ಹೊರಮೈಗೆ ತಾಗದಂತೆ ಅಂತರ ಕಾಯುವ ತುಂಡು). ಗೋಡೆಗೆ ವಾಟರ್‌ಪ್ರೂಫ್ ಲೇಪನ ಬಳಿದು 12 ಮಿ.ಮೀ ಫಿಲ್ಲರ್ ಬೋರ್ಡ್ (ಸಂದು ಬಿಡಲು ಇಡುವ ಮೆತ್ತನೆಯ ಹಲಗೆ) ನಿಲ್ಲಿಸಿ. ಸರಳನ್ನು ಗೋಡೆಗೆ ಕೊರೆದು ಕಟ್ಟಬೇಡಿ, ಮನೆ ಮನೆಯಂತೆ ಇರಲಿ, ಮೆಟ್ಟಿಲು ಮೆಟ್ಟಿಲಂತೆ.

ಸೆಂಟ್ರಿಂಗ್ ಕೆಲಸದವರು

24 ಇಂಚಿಗೆ 4 ಏರು, ತಲಾ 6 ಇಂಚು. ಕಾಲಿಡುವ ಜಾಗ 12 ಇಂಚು. ಎರಡು ಏರು, ಒಂದು ಅಗಲ ಸೇರಿ 24–25 ಇಂಚು ಬಂದರೆ ನಡಿಗೆಗೆ ಹಿತ. ಮುಂದೆ ಟೈಲ್ಸ್ ಹಾಕುವುದು ಖಚಿತವಾಗಿದ್ದರೆ ಈಗಲೇ ಮೊದಲ ಏರನ್ನು ಅಷ್ಟು ತಗ್ಗಿಸಿ.

ಪಕ್ಕಕ್ಕೆ 18 ಮಿ.ಮೀ ಪ್ಲೈ. ಮುಂದಿನ ಹಲಗೆಯ ಕೆಳ ಅಂಚನ್ನು ಹೊರಬದಿಯಿಂದ ಓರೆಯಾಗಿ ಕೊಯ್ಯಿರಿ, ಆಗ ಕೆಳಗಿನ ಮೆಟ್ಟಿಲಿನ ಮೂಲೆವರೆಗೂ ಕರಣೆ ಹೋಗುತ್ತದೆ. 4 ಅಡಿ ಅಗಲಕ್ಕೆ ಹಲಗೆಯ ನಡುವೆಯೂ ಆಸರೆ ಬೇಕು, ಇಲ್ಲದಿದ್ದರೆ ಹೊಟ್ಟೆ ಬಿಡುತ್ತದೆ. ಕಾಂಕ್ರೀಟನ್ನು ಕೆಳಗಿನ ಮೆಟ್ಟಿಲಿನಿಂದ ಹಾಕುತ್ತಾ ಬನ್ನಿ. ತೆಳ್ಳಗೆ ಕಲಸಿದರೆ ಮೇಲಿನ ಭಾರಕ್ಕೆ ಕೆಳಗಿನದು ಉಕ್ಕುತ್ತದೆ.

ಗಾರೆ ಮೇಸ್ತ್ರಿ

ಪ್ರತಿ ಮೆಟ್ಟಿಲಿಗೆ ಹೊರಕ್ಕೆ 6 ಮಿ.ಮೀ ವಾಟ ಕೊಡಿ. ಮೇಲೆ ತೇಲಿದ ನೀರು ಇಂಗುವವರೆಗೆ ಕರಣೆ ಆಡಿಸಬೇಡಿ. ಬೇಗ ಒಣಗಲಿ ಎಂದು ಒಣ ಸಿಮೆಂಟ್ ಉದುರಿಸುವ ಚಾಳಿಯಿಂದಲೇ ಮೇಲ್ಪದರ ಸಿಪ್ಪೆಯಂತೆ ಏಳುವುದು. ಹೆಬ್ಬೆರಳು ಒತ್ತಿದರೆ ಅಚ್ಚು ಮಾತ್ರ ಬೀಳುವ ಹದಕ್ಕೆ ಬಂದಾಗ ಮುಂದಿನ ಹಲಗೆ ಬಿಚ್ಚಿ, ಅಂಚು ದುಂಡು ಮಾಡಿ, ಅಡ್ಡಕ್ಕೆ ಪೊರಕೆ ಗೆರೆ ಎಳೆಯಿರಿ. ನಯ ಮಾಡಿದರೆ ಮಳೆಯಲ್ಲಿ ಜಾರುತ್ತದೆ. ಪಕ್ಕದ ಪ್ಲೈ ಮಾರನೇ ದಿನ. ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ, ಬೇಸಿಗೆಯಲ್ಲಿ 10–14 ದಿನ ಒಣಗಲು ಬಿಡಬೇಡಿ.

ಫ್ಯಾಬ್ರಿಕೇಶನ್ ಕೆಲಸದವರು

ರೇಲಿಂಗ್ ಕಂಬದ ಬುಡ ಸೀಳಿರುವುದಕ್ಕೆ ಯಾರೂ ಉತ್ತರಿಸಿಲ್ಲ. ಕಂಬವನ್ನು ಕಾಂಕ್ರೀಟಿನೊಳಗೆ ಹೂತಾಗ ಸುತ್ತಲಿನ ಸಣ್ಣ ಸಂದಿನಲ್ಲಿ ನೀರು ನಿಲ್ಲುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಕಾಂಕ್ರೀಟ್ ಸೀಳುತ್ತದೆ. ಹೊಸದಕ್ಕೆ ಗ್ಯಾಲ್ವನೈಸ್ ಮಾಡಿದ ಬೇಸ್ ಪ್ಲೇಟ್ ಇಡಿ, ಕೆಳಗೆ ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಗಾರೆ) ಹಾಕಿ. ಬೋಲ್ಟ್ ಅಂಚಿನಿಂದ 4 ಇಂಚು ಒಳಗಿರಲಿ. ಕ್ಯೂರಿಂಗ್ (ಒದ್ದೆಯಾಗಿ ಇಡುವುದು) ಮುಗಿಯುವ ಮುಂಚೆ ಡ್ರಿಲ್ ಹಚ್ಚಿದರೆ ಅಂಚು ಹಾರುತ್ತದೆ, ಆದ್ದರಿಂದ ರೇಲಿಂಗ್ ಕೆಲಸಕ್ಕೆ ಕೊನೆಯಲ್ಲೇ ಕರೆಯಿರಿ.